ನಲವತ್ತರ ಸಿರಿಂಜ್, ನೂರರ ಇನ್ಸುಲಿನ್: ಒಂದು ಆಸ್ಪತ್ರೆಯ ಔಷಧ ವಿಭಾಗದ ಪ್ರಕರಣ ಅಧ್ಯಯನ

ಇದು ವಿಜಯಪುರ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಡೆದದ್ದು. ಆಸ್ಪತ್ರೆ ಯಾವುದು, ಯಾವ ವರ್ಷ, ಯಾರು ಯಾರು ಇದ್ದರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಔಷಧ, ಅದರ ಪ್ರಮಾಣ, ಲೆಕ್ಕ ಇವುಗಳನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಪ್ರಕರಣದ ಜೀವಾಳ ಇರುವುದೇ ಆ ಲೆಕ್ಕದಲ್ಲಿ. ಘಟನೆ ನಡೆದ ಮೇಲೆ ಔಷಧ ವಿಭಾಗದ ಪದ್ಧತಿಗಳನ್ನು ಪರಿಶೀಲಿಸಿಕೊಡಿ ಎಂದು ಹೊರಗಿನಿಂದ ಕರೆಸಿಕೊಂಡ ಫಾರ್ಮಸಿಸ್ಟ್ ನಾನು.

ಹಿನ್ನೆಲೆ

ಅರವತ್ತು ಹಾಸಿಗೆಯ ಆಸ್ಪತ್ರೆ. ಹೆರಿಗೆ, ಶಸ್ತ್ರಚಿಕಿತ್ಸೆ, ಜನರಲ್ ಮೆಡಿಸಿನ್, ಜೊತೆಗೆ ಚಿಕ್ಕದೊಂದು ಐಸಿಯು. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ರೈತ ಕುಟುಂಬಗಳೇ ಹೆಚ್ಚು. ಗಡಿಯಾಚೆಯ ಮಹಾರಾಷ್ಟ್ರದ ಜತ್ ತಾಲ್ಲೂಕಿನಿಂದಲೂ ಜನ ಬರುತ್ತಾರೆ. ಒಳರೋಗಿಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಯಾವತ್ತೂ ಬರವಿಲ್ಲ. ಹೀಗಾಗಿ ದಿನವೂ ಇನ್ಸುಲಿನ್ ಬೇಕಾಗುತ್ತಿತ್ತು, ಮತ್ತು ದಿನವೂ ಬಳಸುವ ವಸ್ತುವಿನ ಬಗ್ಗೆ ಹುಟ್ಟುವ ಸಲಿಗೆಯೂ ಎಲ್ಲರಲ್ಲಿ ಹುಟ್ಟಿತ್ತು.

ಔಷಧ ವಿಭಾಗ ನೆಲಮಹಡಿಯಲ್ಲಿತ್ತು. ರಸ್ತೆಯ ಕಡೆಗೆ ಒಂದು ಕಿಟಕಿ, ವಾರ್ಡ್‌ಗಳ ಇಂಡೆಂಟ್, ಅಂದರೆ ಔಷಧದ ಬೇಡಿಕೆ ಚೀಟಿ, ತೆಗೆದುಕೊಳ್ಳಲು ಒಳಗಡೆ ಇನ್ನೊಂದು. ಚಿಲ್ಲರೆ ಮಾರಾಟದ ಎರಡು ಪರವಾನಗಿಗಳು, ಅಂದರೆ ಸಾಮಾನ್ಯ ಔಷಧಗಳಿಗೆ ನಮೂನೆ 20, ಲಸಿಕೆ ಮತ್ತು ಇನ್ಸುಲಿನ್‌ನಂಥ ಜೈವಿಕ ಔಷಧಗಳಿಗೆ ನಮೂನೆ 21, ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದ್ದವು. ಮಾರಾಟದ ದಾಖಲೆಯನ್ನು ಪ್ರತ್ಯೇಕವಾಗಿ ಇಡಬೇಕಾದ ಶೆಡ್ಯೂಲ್ ಎಚ್1 ಔಷಧಗಳ ರಿಜಿಸ್ಟರ್‌ನಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವೂ ಮುತ್ತಿನಂಥ ಅಕ್ಷರಗಳಲ್ಲಿ ದಾಖಲಾಗಿದ್ದವು. ನಿಯಮದಂತೆ ಮೂರು ವರ್ಷದ ಪುಸ್ತಕಗಳನ್ನು ಕಟ್ಟಿ ಇಟ್ಟಿದ್ದರು. ತಪಾಸಣೆಗೆ ಬರುವವರು ಏನು ಕೇಳುತ್ತಾರೋ ಅದೆಲ್ಲ ಚೊಕ್ಕವಾಗಿತ್ತು. ಅವರು ಕೇಳದ್ದರ ಕಥೆ ಮುಂದೆ ಬರುತ್ತದೆ.

ಇಬ್ಬರು ನೋಂದಾಯಿತ ಫಾರ್ಮಸಿಸ್ಟ್‌ಗಳು, ಮೂವರು ಸಹಾಯಕರು. ರಾತ್ರಿ ಹತ್ತರ ನಂತರ ಕೌಂಟರ್‌ನಲ್ಲಿ ಉಳಿಯುತ್ತಿದ್ದವನು ಒಬ್ಬ ಸಹಾಯಕ ಮಾತ್ರ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್‌ಗಳೇ. ಇದು ಆಡಳಿತಕ್ಕೆ ಗೊತ್ತಿರಲಿಲ್ಲ ಎಂದಲ್ಲ. ರಾತ್ರಿ ಪಾಳಿಗೆ ಜನ ಸಿಗುವುದಿಲ್ಲ ಎಂಬ ಉತ್ತರ ಸದಾ ಸಿದ್ಧವಾಗಿರುತ್ತಿತ್ತು.

ಆ ಹೊತ್ತಿಗೆ ಆಸ್ಪತ್ರೆ ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ಪ್ರವೇಶ ಹಂತದ ಪ್ರಮಾಣಪತ್ರಕ್ಕೆ ತಯಾರಿ ನಡೆಸಿತ್ತು. ಅಪಾಯ ಹೆಚ್ಚಿರುವ ಔಷಧಗಳ ಪಟ್ಟಿ, ನೋಡಲು ಅಥವಾ ಕೇಳಲು ಒಂದೇ ತೆರನಾದ ಔಷಧಗಳ ಪಟ್ಟಿ, ಎರಡೂ ಫೈಲಿನಲ್ಲಿದ್ದವು. ಮೊದಲ ಪಟ್ಟಿಯ ಮೊದಲ ಹೆಸರು ಇನ್ಸುಲಿನ್. ಆದರೆ ಪಟ್ಟಿ ಬೇರೆ ಯಾವುದೋ ದೊಡ್ಡ ಆಸ್ಪತ್ರೆಯದರ ನಕಲು. ಅದರಲ್ಲಿದ್ದ ಅರ್ಧದಷ್ಟು ಔಷಧಗಳನ್ನು ಇಲ್ಲಿ ಯಾರೂ ಕಂಡೂ ಇರಲಿಲ್ಲ.

ಆ ರಾತ್ರಿ

ಏಪ್ರಿಲ್ ತಿಂಗಳು. ರೋಗಿ ಇಂಡಿ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರು, ಅರವತ್ತರ ಹತ್ತಿರದ ವಯಸ್ಸು. ಕಾಲಿನ ಹುಣ್ಣಿಗೆಂದು ದಾಖಲಾಗಿದ್ದರು. 30/70 ಮಿಶ್ರ ಇನ್ಸುಲಿನ್ (ಬೇಗ ಕೆಲಸ ಮಾಡುವುದು 30 ಭಾಗ, ನಿಧಾನಕ್ಕೆ ಕೆಲಸ ಮಾಡುವುದು 70 ಭಾಗ) ಬೆಳಿಗ್ಗೆ 20 ಯೂನಿಟ್, ರಾತ್ರಿ 16 ಯೂನಿಟ್ ಎಂದು ಕೇಸ್ ಶೀಟ್‌ನಲ್ಲಿ ಬರೆದಿತ್ತು. ಸಂಜೆ ವಾರ್ಡ್‌ನ ವಯಲ್, ಅಂದರೆ ಇನ್ಸುಲಿನ್‌ನ ಚಿಕ್ಕ ಸೀಸೆ, ಖಾಲಿಯಾಯಿತು, ಇಂಡೆಂಟ್ ಕೆಳಗೆ ಹೋಯಿತು. ಮೇಲೆ ಬಂದದ್ದು ವಯಲ್ ಅಲ್ಲ, ಪೆನ್ನಿನಾಕಾರದ ಚುಚ್ಚುವ ಸಾಧನವಾದ ಇನ್ಸುಲಿನ್ ಪೆನ್ನಿಗೆ ಹಾಕುವ ಬೆರಳುದ್ದದ ಗಾಜಿನ ಕಾರ್ಟ್ರಿಜ್. ಅದೇ ಕಂಪನಿ, ಅದೇ 30/70, ಲೇಬಲ್ ಮೇಲೆ ಅದೇ ಬಣ್ಣದ ಪಟ್ಟಿ. ವಾರ್ಡ್‌ನಲ್ಲಿ ಪೆನ್ನು ಇರಲಿಲ್ಲ. ಸಿಸ್ಟರ್ ಕಾರ್ಟ್ರಿಜ್‌ನ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ, ದಿನವೂ ಬಳಸುವ ಸಿರಿಂಜ್‌ನಲ್ಲಿ 16ರ ಗೆರೆಯವರೆಗೆ ಎಳೆದು ಕೊಟ್ಟರು. ಹೀಗೆ ಎಳೆದು ಕೊಡುವುದು ಆ ವಾರ್ಡ್‌ಗೆ ಹೊಸದಲ್ಲ ಎಂಬುದು ಆಮೇಲೆ ತಿಳಿಯಿತು.

ಇಲ್ಲಿ ಲೆಕ್ಕವನ್ನು ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸಾಮಾನ್ಯ ವಯಲ್‌ನಲ್ಲಿ ಹೆಚ್ಚಾಗಿ ಒಂದು ಮಿ.ಲೀ.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ ಒಂದು ಮಿ.ಲೀ.ಗೆ 100 ಯೂನಿಟ್. ಸಿರಿಂಜ್‌ಗಳೂ ಎರಡು: ನಲವತ್ತರದ್ದಕ್ಕೆ ಕೆಂಪು ಮುಚ್ಚಳ, ನೂರರದ್ದಕ್ಕೆ ಕಿತ್ತಳೆ ಮುಚ್ಚಳ. ಸಿರಿಂಜ್ ಮೇಲಿನ ಗೆರೆ ‘ಯೂನಿಟ್’ ಎಂದು ಹೇಳುತ್ತದೆ ನಿಜ, ಆದರೆ ಅದು ಅಳೆಯುವುದು ದ್ರವದ ಪ್ರಮಾಣವನ್ನು. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 16ರ ಗೆರೆ ಎಂದರೆ 0.4 ಮಿ.ಲೀ. ಒಳಗಿರುವುದು ನೂರರ ಇನ್ಸುಲಿನ್ ಆದರೆ ಆ 0.4 ಮಿ.ಲೀ.ನಲ್ಲಿ 40 ಯೂನಿಟ್ ಇರುತ್ತದೆ. ಹದಿನಾರು ಹೋಗಬೇಕಾದಲ್ಲಿ ನಲವತ್ತು, ಎರಡೂವರೆ ಪಟ್ಟು.

ರಾತ್ರಿ ಮೂರರ ಸುಮಾರಿಗೆ ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿದ್ದ ಮಗನಿಗೆ ಎಚ್ಚರವಾಯಿತು. ತಂದೆಯ ಬನಿಯನ್ ತೊಯ್ದು ತೊಪ್ಪೆಯಾಗಿತ್ತು. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಸೆಕೆಗೆ ಹೀಗಾಗಿದೆ ಎಂದುಕೊಂಡು ಆತ ಟವೆಲ್‌ನಿಂದ ಗಾಳಿ ಹಾಕತೊಡಗಿದ. ತಂದೆ ತೋಟದ ಆಳುಗಳ ಹೆಸರು ಹಿಡಿದು ಕರೆಯಲು ಶುರು ಮಾಡಿದಾಗ ಹೆದರಿ ಸಿಸ್ಟರ್‌ರನ್ನು ಎಬ್ಬಿಸಿದ. ಗ್ಲುಕೋಮೀಟರ್ ತೋರಿಸಿದ್ದು 38, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಶಿರೆಯ ಮೂಲಕ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಕೊಟ್ಟರು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಿಳಿಯಾಯಿತು. ಮಿಶ್ರ ಇನ್ಸುಲಿನ್‌ನ ಪರಿಣಾಮ ಗಂಟೆಗಟ್ಟಲೆ ಮುಂದುವರಿಯುವುದರಿಂದ ಮರುದಿನ ಮಧ್ಯಾಹ್ನದವರೆಗೂ ಡ್ರಿಪ್ ಹಾಕಿ, ಗಂಟೆಗೊಮ್ಮೆ ಸಕ್ಕರೆ ಪರೀಕ್ಷಿಸಬೇಕಾಯಿತು. ರೋಗಿ ಪೂರ್ತಿ ಚೇತರಿಸಿಕೊಂಡರು.

ಡ್ಯೂಟಿ ಡಾಕ್ಟರ್ ಕಾರಣ ಬರೆದದ್ದು: ‘ರೋಗಿ ರಾತ್ರಿ ಊಟ ಕಡಿಮೆ ಮಾಡಿದ್ದಾರೆ.’ ಅದು ಸುಳ್ಳೂ ಅಲ್ಲ, ಅವರು ಒಂದು ರೊಟ್ಟಿಯಷ್ಟೇ ತಿಂದಿದ್ದರು. ಪ್ರಕರಣ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಬೆಳಗಿನ ಪಾಳಿಯ ಸಿಸ್ಟರ್ ಟ್ರೇಯಲ್ಲಿ ವಯಲ್ ಹುಡುಕಿದಾಗ ಸಿಕ್ಕದ್ದು ಕಾರ್ಟ್ರಿಜ್. ಅವರು ಅದನ್ನು ಎತ್ತಿ ಹಿಡಿದು ಓದಿದರು. ಪಕ್ಕದಲ್ಲಿ ಬಳಸಿ ಬಿಟ್ಟ ಸಿರಿಂಜ್‌ನ ಕೆಂಪು ಮುಚ್ಚಳ ಬಿದ್ದಿತ್ತು.

ಮೊದಲು ಮಾಡಿದ್ದು

ಮೊದಲು ಮಾಡಿದ್ದು ಎಲ್ಲ ಕಡೆ ಮಾಡುವುದನ್ನೇ. ರಾತ್ರಿ ಪಾಳಿಯ ಸಿಸ್ಟರ್‌ಗೆ ಮೆಮೊ ಕೊಟ್ಟರು. ಲೇಬಲ್ ಓದದೆ ಔಷಧ ಕೊಟ್ಟಿದ್ದೀರಿ, ಮುಂದೆ ಹೀಗಾದರೆ ಕ್ರಮ ಎಂಬ ಒಕ್ಕಣೆ. ಅದರ ಪ್ರತಿ ನೋಟಿಸ್ ಬೋರ್ಡ್‌ನಲ್ಲೂ ಬಿತ್ತು. ಖರೀದಿ ನೋಡಿಕೊಳ್ಳುವವರು ಸಭೆಯಲ್ಲಿ ಹೇಳಿದ ಮಾತು: “ಡಬ್ಬಿಯ ಮೇಲೆ ಇಷ್ಟು ದೊಡ್ಡದಾಗಿ ನೂರು ಎಂದು ಬರೆದಿದೆ, ಓದಬೇಡವೇ?” ಲೇಬಲ್ ಓದಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ವಾರ್ಡ್‌ಗೆ ಹೋದದ್ದು ಡಬ್ಬಿ ಅಲ್ಲ, ಡಬ್ಬಿಯಿಂದ ತೆಗೆದ ಒಂದೇ ಕಾರ್ಟ್ರಿಜ್. ಅದರ ಮೇಲಿನ ಅಕ್ಷರ ಅಕ್ಕಿಕಾಳಿಗಿಂತ ಚಿಕ್ಕದು, ಮತ್ತು ರಾತ್ರಿ ಆ ವಾರ್ಡ್‌ನಲ್ಲಿ ಉರಿಯುತ್ತಿದ್ದದ್ದು ಎರಡು ಟ್ಯೂಬ್‌ಲೈಟ್.

ಎರಡನೆಯದಾಗಿ ಒಂದು ತರಬೇತಿ ನಡೆಯಿತು. ಮೂರನೆಯದಾಗಿ ಕೆಂಪು ಸ್ಟಿಕ್ಕರ್‌ಗಳು ಬಂದವು. ಅಪಾಯ ಹೆಚ್ಚಿರುವ ಔಷಧಗಳಿಗೆಲ್ಲ ಅಂಟಿಸಿ ಎಂದರು. ಯಾವುದು ಹೆಚ್ಚು ಅಪಾಯದ್ದು ಎಂದು ನಿರ್ಧರಿಸಲು ನಕಲು ಪಟ್ಟಿಯನ್ನು ನೆಚ್ಚಿಕೊಂಡದ್ದರಿಂದ, ಬಿಟ್ಟರೆ ತಪ್ಪಾದೀತು ಎಂಬ ಹೆದರಿಕೆಯಿಂದ, ಸಹಾಯಕರು ಕೈಗೆ ಸಿಕ್ಕ ಚುಚ್ಚುಮದ್ದಿಗೆಲ್ಲ ಅಂಟಿಸಿದರು. ಕಪಾಟಿನ ಅರ್ಧ ಭಾಗ ಕೆಂಪಾಯಿತು. ಫ್ರಿಜ್‌ನಲ್ಲಿಟ್ಟವುಗಳ ಸ್ಟಿಕ್ಕರ್ ತೇವಕ್ಕೆ ಕಳಚಿ ತಳದಲ್ಲಿ ಬಿದ್ದಿದ್ದವು. ನಿಜವಾಗಿಯೂ ಬೇಕಾಗಿದ್ದ ಇನ್ಸುಲಿನ್ ಮೇಲೆಯೇ ಅವು ಉಳಿದಿರಲಿಲ್ಲ.

ಕೆಲವು ವಾರಗಳ ಬಳಿಕ ಐಸಿಯುನಲ್ಲಿ ಇನ್ನೊಂದು ಪ್ರಸಂಗ ಕೂದಲೆಳೆಯಲ್ಲಿ ತಪ್ಪಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ಗೂ ಇದೇ ತೊಡಕು: ಐದು ಮಿ.ಲೀ. ವಯಲ್ 5,000 ಯೂನಿಟ್‌ನದ್ದೂ ಇದೆ, 25,000 ಯೂನಿಟ್‌ನದ್ದೂ ಇದೆ. ಮೊದಲನೆಯದು ಬೇಕೆಂದು ಬರೆದಲ್ಲಿ ಎರಡನೆಯದು ಬಂದಿತ್ತು. ಅನುಭವಿ ಸಿಸ್ಟರ್ ಒಬ್ಬರು ಮುಚ್ಚಳದ ಬಣ್ಣ ಬೇರೆಯಾಗಿದೆ ಎಂದು ಅನುಮಾನಪಟ್ಟು ಓದಿ, ವಾಪಸು ಕಳುಹಿಸಿ ಸರಿಯಾದದ್ದನ್ನು ತರಿಸಿಕೊಂಡರು. ರೋಗಿಗೆ ಏನೂ ಆಗಲಿಲ್ಲ. ಎಲ್ಲಿಯೂ ದಾಖಲಾಗಲೂ ಇಲ್ಲ. ನನಗೆ ಅದು ತಿಳಿದದ್ದು ಚಹಾ ಕುಡಿಯುವಾಗ, ಬೇರೇನೋ ಮಾತಿನ ನಡುವೆ. ಘಟನಾ ವರದಿಯ ನಮೂನೆ ತುಂಬಲಿಲ್ಲವೇ ಎಂದು ಕೇಳಿದೆ. “ಬರೆದುಕೊಟ್ಟರೆ ಔಷಧ ಕಳುಹಿಸಿದ ಹುಡುಗನಿಗೆ ಮೆಮೊ ಬರುತ್ತದೆ ಸರ್. ಮುಂದಿನ ಸಲ ನನ್ನದೇ ತಪ್ಪಾದರೆ ಅವನು ಬರೆಯುತ್ತಾನೆ. ಯಾರಿಗೆ ಬೇಕು?” ಎಂದರು.

ನನ್ನ ಲೆಕ್ಕದಲ್ಲಿ ಪ್ರಕರಣದ ಮೊದಲ ತಿರುವು ಇದು. ಮೆಮೊ ಒಬ್ಬರನ್ನು ಎಚ್ಚರಿಸಿತೋ ಇಲ್ಲವೋ, ಇಡೀ ಆಸ್ಪತ್ರೆಯ ಬಾಯಿ ಕಟ್ಟಿತ್ತು. ಹೆಪಾರಿನ್ ವಿಷಯವನ್ನು ಹೆಸರು ಹೇಳದೆ ಆಡಳಿತದ ಮುಂದಿಟ್ಟಾಗ ವೈದ್ಯ ಮಾಲೀಕರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಮೆಮೊ ಹಿಂಪಡೆಯಲು ಒಪ್ಪಿದರು. ಬಾಯಿಮಾತಿನಲ್ಲಿ ಸಾಲದು, ಹಾಕಿದ ಬೋರ್ಡ್ ಮೇಲೆಯೇ ಹಿಂಪಡೆದ ಪತ್ರವೂ ಇರಬೇಕು ಎಂದು ನಾನು ಪಟ್ಟು ಹಿಡಿದೆ. ಇದಕ್ಕೆ ಖರೀದಿ ವಿಭಾಗದವರ ವಿರೋಧವಿತ್ತು. ಶಿಸ್ತು ಸಡಿಲವಾಗುತ್ತದೆ ಎಂಬುದು ಅವರ ವಾದ. ಪತ್ರ ಬೋರ್ಡ್‌ಗೆ ಬಂತು. ಮುಂದಿನ ಒಂದು ತಿಂಗಳಲ್ಲಿ ಅಲ್ಲಿಯವರೆಗಿನ ಇಡೀ ವರ್ಷಕ್ಕಿಂತ ಹೆಚ್ಚು ಘಟನಾ ವರದಿಗಳು ಬಂದವು. ತಪ್ಪುಗಳು ಹೆಚ್ಚಿದವೆಂದು ಒಬ್ಬಿಬ್ಬರು ಗಾಬರಿಯಾದರು. ಹೆಚ್ಚಿದ್ದು ಬರವಣಿಗೆ, ತಪ್ಪುಗಳಲ್ಲ.

ಔಷಧ ಬಂದ ದಾರಿ ಹಿಡಿದು

ಆಮೇಲೆ ನಾವು ಆ ಕಾರ್ಟ್ರಿಜ್ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದೆವು. ವಾರ್ಡ್‌ನಿಂದ ಕೌಂಟರ್‌ಗೆ, ಕೌಂಟರ್‌ನಿಂದ ಕಂಪ್ಯೂಟರ್‌ಗೆ, ಅಲ್ಲಿಂದ ಖರೀದಿಗೆ.

ಕೌಂಟರ್‌ನಲ್ಲಿದ್ದ ಸಹಾಯಕನನ್ನು ಆ ಸಂಜೆಯ ಬಿಲ್ಲನ್ನು ಮತ್ತೆ ಮಾಡಿ ತೋರಿಸಲು ಹೇಳಿದೆವು. ಆತ ಔಷಧದ ಮೊದಲ ನಾಲ್ಕು ಅಕ್ಷರ ಒತ್ತಿದ. ಪರದೆಯ ಮೇಲೆ ಸಾಲು ಸಾಲಾಗಿ ಹೆಸರುಗಳು ಬಂದವು. ಎರಡು ಸಾಲುಗಳು ಅಕ್ಷರಶಃ ಒಂದೇ ಆಗಿದ್ದವು. ಮೇಲಿನದರ ಮುಂದೆ ದಾಸ್ತಾನು ಸೊನ್ನೆ, ಕೆಳಗಿನದರ ಮುಂದೆ ಹನ್ನೆರಡು. “ಮೇಲಿನದು ಖಾಲಿ ಇತ್ತು ಸರ್, ಕೆಳಗೆ ಅದೇ ಹೆಸರು ಇತ್ತು, ಅದನ್ನೇ ಕೊಟ್ಟೆ” ಎಂದ. ತಂತ್ರಾಂಶದಲ್ಲಿ ಹೆಸರು ಪೂರ್ತಿಯಾಗಿಯೇ ದಾಖಲಾಗಿತ್ತು: ಕಂಪನಿಯ ಹೆಸರು, 30/70, ಇಂಜೆಕ್ಷನ್, ಕೊನೆಯಲ್ಲಿ 40 ಅಥವಾ 100. ಆದರೆ ಪರದೆಯ ಕಾಲಂ ಕಿರಿದು. ಕೊನೆಯ ಅಕ್ಷರಗಳು ಕತ್ತರಿಸಿಹೋಗುತ್ತಿದ್ದವು, ಮುದ್ರಿತ ಬಿಲ್ಲಿನಲ್ಲೂ ಹಾಗೆಯೇ. ಅಂದರೆ ಕೊಟ್ಟವನಿಗೂ ಪಡೆದವರಿಗೂ ಸಾಂದ್ರತೆಯ ಅಂಕಿ ಕಾಣಿಸಿರಲೇ ಇಲ್ಲ. ಹೆಪಾರಿನ್ ಅದಲುಬದಲಿನಲ್ಲೂ ಇದೇ ಕಾಲಂನ ಕೈವಾಡ.

ನಲವತ್ತರ ವಯಲ್ ಖಾಲಿಯಾದದ್ದು ಏಕೆ? ತಿಂಗಳ ಕೊನೆಗೆ ಸ್ಟಾಕಿಸ್ಟ್ (ಸಗಟು ಮಾರಾಟಗಾರ) ಕೊಡುವ ಹತ್ತಕ್ಕೆ ಒಂದು ಉಚಿತದ ಸ್ಕೀಮ್‌ಗಾಗಿ ಖರೀದಿಯವರು ಕಾಯುತ್ತಿದ್ದರು. ಮಾತ್ರೆಗಳ ವಿಷಯದಲ್ಲಿ ಅದು ಜಾಣತನವೇ ಇರಬಹುದು. ಕನಿಷ್ಠ ದಾಸ್ತಾನು ಇಷ್ಟಿರಬೇಕು ಎಂಬ ಗೆರೆಯನ್ನು ಇನ್ಸುಲಿನ್‌ಗೂ ಎಳೆದಿರಲಿಲ್ಲ. ಸ್ಕೀಮ್ ಬದಲಾದಂತೆ ಬ್ರ್ಯಾಂಡ್ ಬದಲಾಗುತ್ತಿತ್ತು. ಲೆಕ್ಕ ಹಾಕಿದರೆ ಅರವತ್ತು ಹಾಸಿಗೆಯ ಆಸ್ಪತ್ರೆಯ ಫ್ರಿಜ್‌ನಲ್ಲಿ ಹನ್ನೊಂದು ಬಗೆಯ ಇನ್ಸುಲಿನ್ ಇತ್ತು.

ಹೀಗೆ ಸಿಸ್ಟರ್ ಕೈಗೆ ಬರುವ ಮೊದಲೇ ಮೂರು ಕಡೆ ದಾರಿ ತಪ್ಪಿತ್ತು. ಆ ಮೂರೂ ಕಡೆ ಯಾರಿಗೂ ಮೆಮೊ ಹೋಗಿರಲಿಲ್ಲ.

ಏನು ಬದಲಿಸಿದರು

ಅತಿ ಸುಲಭವಾದದ್ದು, ಅತಿ ಹೆಚ್ಚು ಫಲ ಕೊಟ್ಟದ್ದು ಒಂದೇ: ತಂತ್ರಾಂಶದಲ್ಲಿ ಹೆಸರುಗಳ ತಿದ್ದುಪಡಿ. ಕಾಲಂ ಅಗಲ ಮಾಡಿಕೊಡಿ ಎಂದು ತಂತ್ರಾಂಶದವರನ್ನು ಕೇಳಿದರೆ ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಅವರಿಗಾಗಿ ಕಾಯಲಿಲ್ಲ. ಹಿರಿಯ ಫಾರ್ಮಸಿಸ್ಟ್ ಮೇಡಂ ಸಾಂದ್ರತೆಯನ್ನು ಹೆಸರಿನ ಮುಂದಕ್ಕೆ ತಂದರು. ‘40 ಇನ್ಸುಲಿನ್…’, ‘100 ಕಾರ್ಟ್ರಿಜ್…’, ‘25000 ಹೆಪಾರಿನ್…’ ಹೀಗೆ. ಒಂದು ಮಧ್ಯಾಹ್ನದ ಕೆಲಸ, ಒಂದು ರೂಪಾಯಿಯ ಖರ್ಚಿಲ್ಲ.

ಎರಡನೆಯ ನಿರ್ಧಾರದ ಬಗ್ಗೆ ಜಗಳವೇ ಆಯಿತು. ಎಲ್ಲವನ್ನೂ ನೂರಕ್ಕೆ ಬದಲಿಸಿ ನಲವತ್ತನ್ನು ಆಸ್ಪತ್ರೆಯಿಂದಲೇ ಹೊರಹಾಕಬೇಕು ಎಂದು ಫಿಜಿಷಿಯನ್ ವಾದಿಸಿದರು. ಕಾಗದದ ಮೇಲೆ ಅದೇ ಚೆಂದ. ಆದರೆ ಇಲ್ಲಿಂದ ಮನೆಗೆ ಹೋಗುವ ರೋಗಿ ತನ್ನ ಊರಿನಲ್ಲಿ ಕೊಳ್ಳುವುದು ನಲವತ್ತರ ವಯಲ್ಲನ್ನೇ. ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆಸ್ಪತ್ರೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಎಂದರೆ ಗೊಂದಲವನ್ನು ಹೊಸ್ತಿಲಾಚೆಗೆ ತಳ್ಳಿದಂತೆ ಅಷ್ಟೆ. ಕೊನೆಗೆ ನಿಂತದ್ದು ಹೀಗೆ: ವಯಲ್ ಎಂದರೆ ನಲವತ್ತು ಮಾತ್ರ, ಸಿರಿಂಜ್ ಎಂದರೆ ಕೆಂಪು ಮುಚ್ಚಳದ್ದು ಮಾತ್ರ. ನೂರರ ಇನ್ಸುಲಿನ್ ಬೇಕಾದರೆ ಪೆನ್ನಿನಲ್ಲೇ ಬೇಕು. ಪೆನ್ನಿಲ್ಲದೆ ಕಾರ್ಟ್ರಿಜ್ ಕೌಂಟರ್ ದಾಟುವಂತಿಲ್ಲ. ಪ್ರತಿ ಪೆನ್ನಿನ ಮೇಲೆ ರೋಗಿಯ ಹೆಸರು, ಒಬ್ಬರ ಪೆನ್ನು ಇನ್ನೊಬ್ಬರಿಗಿಲ್ಲ. ಸೂಜಿ ಬದಲಿಸಿದರೂ ಒಂದೇ ಪೆನ್ನಿನಿಂದ ರಕ್ತದ ಸೋಂಕು ಹರಡಬಹುದು ಎಂಬುದು ಹಲವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹನ್ನೊಂದು ಬಗೆ ನಾಲ್ಕಕ್ಕೆ ಇಳಿಯಿತು. ರೋಗಿ ಮನೆಯಿಂದ ತಂದ ಬೇರೆ ಪೆನ್ನಿದ್ದರೆ ಫಾರ್ಮಸಿಸ್ಟ್ ನೋಡಿ ಸಹಿ ಮಾಡಿದ ಮೇಲೆ ಬಳಸಬಹುದು ಎಂಬ ವಿನಾಯಿತಿಯೊಂದಿಗೆ ಫಿಜಿಷಿಯನ್ ಒಪ್ಪಿದರು. ಎಲ್ಲ ಆಸ್ಪತ್ರೆಗೂ ಇದೇ ಸರಿ ಎಂದು ನಾನು ಹೇಳಲಾರೆ. ರೋಗಿಗಳ ಬಹುಪಾಲು ಪೆನ್ನು ಬಳಸುವ ಊರಿನಲ್ಲಿ ಫಿಜಿಷಿಯನ್ ಹೇಳಿದ ದಾರಿಯೇ ಸರಿಯಾಗಬಹುದು.

ವಾರ್ಡ್‌ನಲ್ಲಿ ಇನ್ಸುಲಿನ್ ಸಿರಿಂಜ್ ದಾಸ್ತಾನು ಇಡುವುದನ್ನೇ ನಿಲ್ಲಿಸಿ, ವಯಲ್ ಮತ್ತು ಸಿರಿಂಜ್ ಒಂದೇ ಚೀಲದಲ್ಲಿ ಜೋಡಿಯಾಗಿ ಹೋಗುವಂತೆ ಮಾಡಿದರು. ಸಿಸ್ಟರ್‌ಗಳು ತಕ್ಷಣ ಆಕ್ಷೇಪಿಸಿದರು. ನಡುರಾತ್ರಿ ಒಂದು ಸಿರಿಂಜ್ ಕೆಳಗೆ ಬಿದ್ದರೆ ಎರಡು ಮಹಡಿ ಇಳಿದು ಬರಬೇಕೇ? ನ್ಯಾಯವಾದ ಮಾತು. ಪ್ರತಿ ಚೀಲದಲ್ಲಿ ಎರಡು ಹೆಚ್ಚುವರಿ ಸಿರಿಂಜ್ ಸೇರಿದವು, ತಕರಾರು ಮುಗಿಯಿತು. ಇದೇ ಭರದಲ್ಲಿ ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್‌ಗಳೂ ಸಾಮಾನ್ಯ ವಾರ್ಡ್‌ಗಳಿಂದ ಹೊರಬಿದ್ದವು. ಬೆರೆಸದೆ ನೇರ ಶಿರೆಗೆ ಹೋದರೆ ಹೃದಯ ನಿಲ್ಲಿಸುವ ವಸ್ತು ಅದುವರೆಗೆ ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್‌ಗಳ ಪಕ್ಕದ ಖಾನೆಯಲ್ಲಿತ್ತು. ಕೆಂಪು ಸ್ಟಿಕ್ಕರ್‌ಗಳನ್ನು ಕಿತ್ತು, ಆಸ್ಪತ್ರೆಯಲ್ಲಿ ನಿಜವಾಗಿ ಇರುವ ಆರೇಳು ಔಷಧಗಳಿಗೆ ಮಾತ್ರ ಬೇರೆ ಬೀಗದ ಖಾನೆ ಮಾಡಿದರು.

ಫ್ರಿಜ್‌ನ ಕಥೆ

ಪರಿಶೀಲನೆಯಲ್ಲಿ ಯಾರೂ ನಿರೀಕ್ಷಿಸದೆ ಸಿಕ್ಕದ್ದು ಫ್ರಿಜ್. ಮನೆಬಳಕೆಯ ಒಂದು ಬಾಗಿಲ ಫ್ರಿಜ್ ಅದು. ಬಾಗಿಲ ಖಾನೆಯಲ್ಲಿ ಇನ್ಸುಲಿನ್ ವಯಲ್‌ಗಳು, ಹಿಂಭಾಗದ ಮಂಜು ಹಿಡಿದ ಗೋಡೆಗೆ ಒತ್ತಿಕೊಂಡು ಇನ್ನಷ್ಟು ಡಬ್ಬಿಗಳು, ಕೆಳಗೆ ಸಿಬ್ಬಂದಿಯ ಮಜ್ಜಿಗೆ ಬಾಟಲಿ. ಬಾಗಿಲ ಮೇಲೆ ಉಷ್ಣಾಂಶದ ಚಾರ್ಟ್ ತೂಗುತ್ತಿತ್ತು. ದಿನಕ್ಕೆ ಮೂರು ಬಾರಿ ಬರೆಯಬೇಕು, ಬರೆದಿದ್ದರು. ಇಡೀ ತಿಂಗಳು ಪ್ರತಿ ಚೌಕದಲ್ಲಿ 4, 4, 4. ನಾನು ನೋಡಿದಾಗ ಮಧ್ಯಾಹ್ನದ ನಾಲ್ಕು ಗಂಟೆ. ಅಂದಿನ ರಾತ್ರಿ ಎಂಟರ ಚೌಕದಲ್ಲೂ 4 ಇತ್ತು.

ತೆರೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಬಿಸಿಯಿಂದ ಅದು ನಿಧಾನಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದರೆ ಒಮ್ಮೆಲೇ ಕೆಡುತ್ತದೆ. ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಥರ್ಮಾಮೀಟರ್ ಒಂದನ್ನು ಒಳಗಿಟ್ಟೆವು. ಚಾರ್ಟ್‌ನಲ್ಲಿ ‘ಈಗ ಎಷ್ಟು’ ಎಂಬ ಚೌಕವನ್ನು ತೆಗೆದು ‘ಕಳೆದ ಬಾರಿಯಿಂದ ಅತಿ ಕಡಿಮೆ’, ‘ಅತಿ ಹೆಚ್ಚು’ ಎಂಬ ಎರಡು ಚೌಕ ಮಾಡಿದೆವು. ಅದನ್ನು ಮೊದಲೇ ಊಹಿಸಿ ತುಂಬುವುದು ಕಷ್ಟ. ಮೊದಲ ವಾರದಲ್ಲೇ ಹಿಂಗೋಡೆಯ ಬಳಿ ಸೊನ್ನೆಗಿಂತ ಕೆಳಗೆ ಇಳಿದದ್ದೂ ಕಂಡಿತು, ಹೊರಗೆ ನಲವತ್ತು ದಾಟಿದ ಒಂದು ಮಧ್ಯಾಹ್ನ ವಿದ್ಯುತ್ ಹೋದಾಗ ಒಳಗೆ ಹದಿನಾಲ್ಕು ಮುಟ್ಟಿದ್ದೂ ಕಂಡಿತು. ಜನರೇಟರ್ ಆಪರೇಷನ್ ಥಿಯೇಟರ್‌ಗೆ, ಐಸಿಯುಗೆ ಇತ್ತು. ಔಷಧ ವಿಭಾಗಕ್ಕೆ ಇರಲಿಲ್ಲ.

ಐಸಿಯುನ ಲೈನ್‌ನಿಂದ ಒಂದು ವೈರ್ ಎಳೆದು, ಔಷಧಕ್ಕೆಂದೇ ತಯಾರಾದ ಫ್ರಿಜ್ ತರಿಸಲು ಮಾಲೀಕರು ತಡಮಾಡಲಿಲ್ಲ. ಕಷ್ಟವಾದದ್ದು ಹಳೆಯ ದಾಸ್ತಾನಿನ ಪ್ರಶ್ನೆ. ಹಿಂಗೋಡೆಗೆ ತಾಗಿದ್ದ ಡಬ್ಬಿಗಳನ್ನು ಎಸೆಯಬೇಕು ಎಂದು ಹಿರಿಯ ಫಾರ್ಮಸಿಸ್ಟ್ ಹೇಳಿದರು. ಮಾಲೀಕರು ಒಂದು ವಯಲ್ ಎತ್ತಿ ಬೆಳಕಿಗೆ ಹಿಡಿದು, “ಇದಕ್ಕೆ ಏನಾಗಿದೆ ಮೇಡಂ? ನೋಡಲು ತಿಳಿಯಾಗಿಯೇ ಇದೆಯಲ್ಲ” ಎಂದರು. ಆಕೆ ಮೆಲ್ಲಗೆ ಹೇಳಿದ್ದು: “ಕೆಟ್ಟದ್ದು ಕಣ್ಣಿಗೆ ಕಾಣುವಂತಿದ್ದರೆ ಥರ್ಮಾಮೀಟರ್ ಏಕೆ ಬೇಕಿತ್ತು ಸರ್?” ಕಂಪನಿ ವಾಪಸು ತೆಗೆದುಕೊಳ್ಳಲಿಲ್ಲ. ಮೂವತ್ತು ಸಾವಿರ ರೂಪಾಯಿಯ ಆಸುಪಾಸಿನ ಔಷಧ ವಿಲೇವಾರಿಯಾಯಿತು. ಹತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಆಕೆಯ ಮಾತಿನ ಮೇಲೆ ಆಸ್ಪತ್ರೆ ಹಣ ಕಳೆದುಕೊಂಡದ್ದು ಅದೇ ಮೊದಲು. ಅಂದಿನಿಂದ ಖರೀದಿಯ ಸಭೆಗೆ ಆಕೆಯನ್ನೂ ಕರೆಯತೊಡಗಿದರು. ಬ್ರ್ಯಾಂಡ್ ಬದಲಿಸುವ ಮೊದಲು ಆಕೆಯ ಸಹಿ ಬೇಕು ಎಂಬ ನಿಯಮವೂ ಬಂತು. ಹೊಸ ಫ್ರಿಜ್‌ಗಿಂತ ಈ ಸಹಿಯೇ ದೊಡ್ಡ ಬದಲಾವಣೆ ಎಂಬುದು ನನ್ನ ಎಣಿಕೆ.

ರಾತ್ರಿ ಪಾಳಿ

ಇದನ್ನು ಪೂರ್ತಿ ಬಗೆಹರಿಸಲು ತಿಂಗಳುಗಳು ಹಿಡಿದವು. ರಾತ್ರಿ ಫಾರ್ಮಸಿಸ್ಟ್ ಬೇಕಾಗಿದ್ದಾರೆ ಎಂದು ಪ್ರಕಟಣೆ ಕೊಟ್ಟರೆ ಯಾರೂ ಬರಲಿಲ್ಲ. ಪ್ರಕಟಣೆಯ ಮಾತನ್ನು ಬದಲಿಸಿ ಹಗಲಿಗೇ ಒಬ್ಬರನ್ನು ಕೇಳಿದಾಗ ಮೂವರು ಅರ್ಜಿ ಹಾಕಿದರು. ಇದ್ದ ಇಬ್ಬರು, ಹೊಸಬರು ಒಬ್ಬರು, ಮೂವರೂ ಸರದಿಯಲ್ಲಿ ರಾತ್ರಿ ಮಾಡುವುದು, ರಾತ್ರಿಗೆ ಭತ್ಯೆ ಬೇರೆ ಎಂಬ ಒಪ್ಪಂದವಾಯಿತು. ಅಲ್ಲಿಯವರೆಗಿನ ತಾತ್ಕಾಲಿಕ ಏರ್ಪಾಡೆಂದರೆ, ಬೀಗದ ಖಾನೆಯ ಔಷಧ ಬೇಕಾದರೆ ಸಹಾಯಕ ಫಾರ್ಮಸಿಸ್ಟ್‌ಗೆ ವಿಡಿಯೊ ಕರೆ ಮಾಡಿ ಲೇಬಲ್ ತೋರಿಸಿ ಕೊಡುವುದು. ಕಾನೂನು ಇದನ್ನು ಒಪ್ಪುವುದಿಲ್ಲ ಎಂದು ಲಿಖಿತವಾಗಿಯೇ ಹೇಳಿದ್ದೆ.

ಆರು ವಾರದ ನಂತರ

ಅದೇ ರೋಗಿ ಹುಣ್ಣು ಒಣಗಿ ಮನೆಗೆ ಹೋದವರು ಆರು ವಾರ ಕಳೆದ ಮೇಲೆ ತಪಾಸಣೆಗೆ ಬಂದರು. ಸಕ್ಕರೆ ಮುನ್ನೂರರ ಮೇಲಿತ್ತು. ಪಥ್ಯ ತಪ್ಪಿಲ್ಲ, ಇನ್ಸುಲಿನ್ ಒಂದು ಹೊತ್ತೂ ಬಿಟ್ಟಿಲ್ಲ ಎಂದು ಮಗ ಆಣೆ ಇಟ್ಟು ಹೇಳುತ್ತಿದ್ದ. ಫಿಜಿಷಿಯನ್ ಡೋಸ್ ಏರಿಸಿ ಬರೆಯಲು ಪೆನ್ನು ಎತ್ತಿದ್ದರು. ಹೊಸ ಪದ್ಧತಿಯಂತೆ ಹೊರರೋಗಿ ಕೊಠಡಿಯಲ್ಲಿ ಕುಳಿತಿದ್ದ ಫಾರ್ಮಸಿಸ್ಟ್ ಮೇಡಂ, “ಮನೆಯ ಚೀಲ ತಂದಿದ್ದೀರಾ ಅಣ್ಣಾ?” ಎಂದು ಕೇಳಿದರು. ಚೀಲದಲ್ಲಿ ನಲವತ್ತರ ವಯಲ್ ಸರಿಯಾಗಿಯೇ ಇತ್ತು. ಅದರ ಜೊತೆಗಿದ್ದ ಸಿರಿಂಜ್‌ಗಳಿಗೆ ಕಿತ್ತಳೆ ಮುಚ್ಚಳ.

“ಆಸ್ಪತ್ರೆಯದು ಮುಗಿದವು ರೀ. ಊರಿನ ಅಂಗಡಿಯಲ್ಲಿ ಶುಗರ್ ಸೂಜಿ ಕೊಡಿ ಎಂದೆ, ಇದನ್ನು ಕೊಟ್ಟರು.”

ಈಗ ಲೆಕ್ಕ ತಲೆಕೆಳಗಾಗಿತ್ತು. ಕಿತ್ತಳೆ ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆ ಎಂದರೆ 0.2 ಮಿ.ಲೀ. ನಲವತ್ತರ ಇನ್ಸುಲಿನ್ ಅಷ್ಟರಲ್ಲಿ ಇರುವುದು 8 ಯೂನಿಟ್. ಇಪ್ಪತ್ತು ಎಂದುಕೊಂಡು ಆರು ವಾರದ ಬಹುಪಾಲು ಅವರು ಎಂಟು ಯೂನಿಟ್ ಚುಚ್ಚಿಕೊಂಡಿದ್ದರು. ಅದನ್ನು ಗಮನಿಸದೆ ಡೋಸ್ ಏರಿಸಿ ಕಳುಹಿಸಿದ್ದರೆ, ಮುಂದೊಂದು ದಿನ ಯಾವುದೋ ಅಂಗಡಿಯವನು ಸರಿಯಾದ ಕೆಂಪು ಮುಚ್ಚಳದ ಸಿರಿಂಜ್ ಕೊಟ್ಟಾಗ, ಏಪ್ರಿಲ್‌ನ ಆ ರಾತ್ರಿ ಈ ಬಾರಿ ತೋಟದ ಮನೆಯಲ್ಲಿ, ಡ್ರಿಪ್ ಹಾಕುವವರಿಲ್ಲದೆ ನಡೆಯುತ್ತಿತ್ತು.

ಡೋಸ್ ಬದಲಾಗಲಿಲ್ಲ, ಸಿರಿಂಜ್ ಬದಲಾಯಿತು. ಆಸ್ಪತ್ರೆಯೊಳಗೆ ವಯಲ್ಲಿಗೂ ಸಿರಿಂಜ್‌ಗೂ ಕಟ್ಟಿದ ಜೋಡಿ ಗೇಟ್ ದಾಟಿದ ಕೂಡಲೇ ಬಿಚ್ಚಿಹೋಗುತ್ತದೆ ಎಂಬುದು ಆ ದಿನ ಎಲ್ಲರಿಗೂ ಗೊತ್ತಾಯಿತು. ಈಗ ಡಿಸ್ಚಾರ್ಜ್ ಆಗುವ ಪ್ರತಿ ಇನ್ಸುಲಿನ್ ರೋಗಿಗೂ ಮುಂದಿನ ತಪಾಸಣೆಯವರೆಗೆ ಸಾಲುವಷ್ಟು ಕೆಂಪು ಮುಚ್ಚಳದ ಸಿರಿಂಜ್ ಇಲ್ಲಿಂದಲೇ ಹೋಗುತ್ತದೆ. ಖಾಲಿ ಮುಚ್ಚಳವೊಂದನ್ನು ಡಿಸ್ಚಾರ್ಜ್ ಚೀಟಿಗೆ ಟೇಪ್ ಹಾಕಿ ಅಂಟಿಸುತ್ತಾರೆ. ಓದಲು ಬಾರದವರೂ ಅಂಗಡಿಯಲ್ಲಿ ಅದನ್ನು ತೋರಿಸಿ ಕೇಳಬಹುದು. ಜತ್ ಕಡೆಯವರಿಗೆ ಚೀಟಿಯಲ್ಲಿ ಒಂದು ಸಾಲು ಮರಾಠಿಯಲ್ಲೂ ಇದೆ. ಇನ್ಸುಲಿನ್ ಡೋಸ್ ಏರಿಸುವ ಮೊದಲು ಚೀಲ ಬಿಚ್ಚಿಸಿ ನೋಡಬೇಕು ಎಂಬುದು ಹೊರರೋಗಿ ವಿಭಾಗದ ನಿಯಮವಾಗಿದೆ. ಚೀಲ ತರದೆ ಬಂದವರನ್ನು ಏನು ಮಾಡಬೇಕು ಎಂಬ ಚರ್ಚೆ ನಾನು ವರದಿ ಒಪ್ಪಿಸುವ ಹೊತ್ತಿಗೆ ಇನ್ನೂ ನಡೆದಿತ್ತು. ಫಿಜಿಷಿಯನ್ ವಾಪಸು ಕಳುಹಿಸಬೇಕು ಎನ್ನುತ್ತಾರೆ. ಬಸ್ ಹಿಡಿದು ಐವತ್ತು ಕಿಲೋಮೀಟರ್ ಬಂದವರನ್ನು ಹಾಗೆ ಕಳುಹಿಸಲಾಗದು, ಮನೆಯವರಿಂದ ಮೊಬೈಲ್‌ನಲ್ಲಿ ಫೋಟೊ ತರಿಸಿ ನೋಡಿದರಾಯಿತು ಎಂಬುದು ಫಾರ್ಮಸಿಸ್ಟ್ ಮೇಡಂ ಅವರ ವಾದ.